ಮಾವನವರ ಊರು ಜಮಖಂಡಿಯಲ್ಲೇ ಉಳಿದದ್ದು

ನನ್ನಲ್ಲಿರುವ ದೊಡ್ಡ ದೋಷವೆಂದರೆ ನನ್ನ ಅಕ್ಷರ ಚೆನ್ನಾಗಿರುವುದು. ಇದನ್ನು ಜಂಬದಿಂದ ಹೇಳುತ್ತಿಲ್ಲ, ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದೇನೆ. ಅಕ್ಷರ ಕೆಟ್ಟದಾಗಿರುವ ಮನುಷ್ಯ ಸುಖವಾಗಿರುತ್ತಾನೆ. ಅವನನ್ನು ಯಾರೂ ಲಗ್ನಪತ್ರಿಕೆ ಬರೆಯಲು ಕರೆಯುವುದಿಲ್ಲ, ಊರವರು ಕಾಗದ ಹಿಡಿದುಕೊಂಡು ಅವನ ಊಟದ ಹೊತ್ತಿಗೆ ಬಂದು ಕೂಡುವುದಿಲ್ಲ. ನನಗೆ ಮಾತ್ರ ಸಾಲಿಯಲ್ಲಿ ಮಾಸ್ತರರು ಕಿವಿ ಹಿಂಡಿ ಹಿಂಡಿ ಮುತ್ತಿನಂಥ ಅಕ್ಷರ ಕಲಿಸಿಬಿಟ್ಟರು. ಅರ್ಥದ ಕಡೆಗೆ ಅಷ್ಟೊಂದು ಗಮನ ಕೊಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಂಬು ಸರಿಯಾಗಿ ತಿರುಗಿತೇ, ಒತ್ತಕ್ಷರ ಸಾಲಿನೊಳಗೆ ಕೂತಿತೇ ಎಂದು ನೋಡುವುದರಲ್ಲಿಯೇ ನನ್ನ ಬುದ್ಧಿಯೆಲ್ಲ ಖರ್ಚಾಗಿಬಿಡುತ್ತದೆ. ಹೀಗೆ ಬರೆದು ಬರೆದು ಒಮ್ಮೆ ಒಂದು ಇಡೀ ಊರಿಗೆ ಅನ್ಯಾಯ ಮಾಡಿದ್ದೇನೆ. ಅದು ಬೇರೆ ಯಾರದೋ ಊರಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಅದು ನನ್ನ ಹೆಂಡತಿಯ ತವರೂರು.

ಇದು ತಿಳಿಯಬೇಕಾದರೆ ನಮ್ಮ ಕಡೆಯ ಭೂಮಿ ಮೊದಲು ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ನಾನು ಚಿಕ್ಕವನಿದ್ದಾಗ ಜಮಖಂಡಿಗೆ ಒಬ್ಬ ರಾಜರು, ಮುಧೋಳಕ್ಕೆ ಇನ್ನೊಬ್ಬರು. ಬೀಳಗಿ ಇಂಗ್ರಜರದು. ರಬಕವಿ ಸಾಂಗಲಿಯವರದು, ಅದರ ಮಗ್ಗುಲಿಗೇ ಇರುವ ಬನಹಟ್ಟಿ ಜಮಖಂಡಿಯವರದು. ರಬಕವಿಯಲ್ಲಿ ನೇಯುವ ನಮ್ಮ ಪರಿಚಯದವನೊಬ್ಬ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಬನಹಟ್ಟಿಯ ತನ್ನ ತಂಗಿಯ ಮನೆಗೆ ಅಡ್ಡಾಡುತ್ತ ಹೋಗುತ್ತಿದ್ದ. ಬಾಯೊಳಗಿನ ಎಲೆಯ ರಸ ಮುಗಿಯುವುದರೊಳಗೆ ಅವನು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗಿರುತ್ತಿದ್ದ. ಈ ರಾಜ್ಯಗಳ ಗಡಿಯಾದರೂ ನೆಟ್ಟಗೆ ಇರುತ್ತಿತ್ತೇ ಎಂದರೆ ಅದೂ ಇಲ್ಲ. ಯಾವ ಕಾಲದಲ್ಲೋ ಯಾರೋ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಊರುಗಳನ್ನು ಬಿಡಿ ಬಿಡಿಯಾಗಿ ಎತ್ತಿಕೊಂಡಿದ್ದರೆಂದು ಕಾಣುತ್ತದೆ. ಇವರ ಊರುಗಳ ನಡುವೆ ಅವರದೊಂದು, ಅವರ ಊರುಗಳ ನಡುವೆ ಇವರದೊಂದು.

ಹೀಗೆ ಸಿಕ್ಕಿಹಾಕಿಕೊಂಡ ಊರುಗಳಲ್ಲಿ ನಮ್ಮದೂ ಒಂದು, ನನ್ನ ಮಾವನವರದೂ ಒಂದು. ನಿಜವಾದ ಹೆಸರು ಹೇಳಿದರೆ ಎರಡೂ ಊರಿನವರು ಬಡಿಗೆ ಹಿಡಿದು ಬರುವ ಸಂಭವ ಇರುವುದರಿಂದ ನಮ್ಮೂರನ್ನು ಹೊಸಹಾಳ ಎನ್ನುತ್ತೇನೆ, ಮಾವನವರ ಊರನ್ನು ಬೀರನಾಳ ಎನ್ನುತ್ತೇನೆ. ಹೊಸಹಾಳ ಜಮಖಂಡಿಗೆ ಹತ್ತಿರ, ಆದರೆ ಮೊದಲು ಇಂಗ್ರಜರದಾಗಿದ್ದರಿಂದ ಬೀಳಗಿ ಮಹಾಲಿಗೆ, ಅಂದರೆ ಅಲ್ಲಿಯ ಸಣ್ಣ ತಾಲೂಕಿಗೆ, ಸೇರಿತ್ತು. ಬೀರನಾಳ ಬೀಳಗಿಗೆ ಹತ್ತಿರ, ಆದರೆ ಸಂಸ್ಥಾನದ್ದಾಗಿದ್ದರಿಂದ ಜಮಖಂಡಿಗೆ. ಹೀಗಾಗಿ ಕಚೇರಿಯ ಕೆಲಸವಿದ್ದ ದಿನ ನಮ್ಮೂರಿನವರು ಬುತ್ತಿ ಕಟ್ಟಿಕೊಂಡು ಪೂರ್ವಕ್ಕೆ ನಡೆಯುತ್ತಿದ್ದರು, ಅವರೂರಿನವರು ಬುತ್ತಿ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆಯುತ್ತಿದ್ದರು. ನಡುದಾರಿಯ ಬೇವಿನ ಗಿಡದ ಕೆಳಗೆ ಇಬ್ಬರೂ ಕೂತು ಒಬ್ಬರ ಚಟ್ನಿ ಒಬ್ಬರು ಹಚ್ಚಿಕೊಂಡು ಊಟ ಮಾಡುತ್ತಿದ್ದರು. ನಮ್ಮಪ್ಪ ಮತ್ತು ಮಾವನವರು ಅಲ್ಲಿಯೇ ಬೀಗತನದ ಮಾತಾಡಿ ಮುಗಿಸಿದರು. ನನ್ನ ಲಗ್ನಕ್ಕೆ ಸರಕಾರದ ಅವ್ಯವಸ್ಥೆಯೇ ಕಾರಣವೆಂದು ನಾನು ಹೆಂಡತಿಯ ಮುಂದೆ ಹೇಳಿ ಒಮ್ಮೆ ಬೈಸಿಕೊಂಡಿದ್ದೇನೆ.

ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಎಲ್ಲರೂ ವಿಜಾಪುರ ಜಿಲ್ಲೆಯವರಾದೆವು. ರಾಜರು ಹೋದರೂ ಊರು ಯಾವ ಕಚೇರಿಗೆ ಹೋಗಬೇಕೆಂಬುದು ಮಾತ್ರ ಮೊದಲಿನಂತೆಯೇ ಉಳಿಯಿತು. ನಾನು ಅಷ್ಟರಲ್ಲಿ ಬೀಳಗಿಯ ಮಹಾಲ ಕಚೇರಿಯಲ್ಲಿ ಕಾರಕೂನನಾಗಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಲೆಮಾರುಗಳಿಂದ ಕುರಿ ಕಾಯ್ದು, ಹೊಲ ಉತ್ತು, ಬೀರೇಶ್ವರನಿಗೆ ಕೈಮುಗಿದು ಬದುಕಿದ ನಮ್ಮ ಬಳಗದಲ್ಲಿ ಕಚೇರಿಯ ಕುರ್ಚಿಯ ಮೇಲೆ ಕೂತ ಮೊದಲ ಮನುಷ್ಯ ನಾನೇ. ಮಾವ ಬೀರಪ್ಪನವರಿಗೆ ಆ ಕುರ್ಚಿಯ ಬಗ್ಗೆ ನನಗಿಂತ ಹೆಚ್ಚು ಅಭಿಮಾನ. ಸಂತೆಗೆ ಬಂದಾಗಲೆಲ್ಲ ಕಚೇರಿಯ ಕಿಟಕಿಯ ಹೊರಗೆ ನಿಂತು ನಾನು ಕೂತಿರುವುದನ್ನು ನೋಡಿ, ಮಾತಾಡಿಸದೆ ಹೋಗಿಬಿಡುತ್ತಿದ್ದರು.

ಆ ವರ್ಷಗಳಲ್ಲಿ ಎಲ್ಲರಿಗೂ ಎಲ್ಲಿಗಾದರೂ ಸೇರುವ ಹುಚ್ಚು. ಕನ್ನಡ ನಾಡೆಲ್ಲ ಒಂದಾಗಬೇಕೆಂದು ಪತ್ರಿಕೆಗಳು ಬರೆಯುತ್ತಿದ್ದವು, ಕಟ್ಟೆಯ ಮೇಲೆ ಓದಿಸಿ ಕೇಳುತ್ತಿದ್ದ ಹಿರಿಯರಿಗೆ ಅದರ ಜೊತೆಗೆ ತಮ್ಮ ಊರಿನ ಕಾಲ್ನಡಿಗೆಯೂ ನೆನಪಾಗುತ್ತಿತ್ತು. ದೇಶವೇ ಬದಲಾಗುವಾಗ ನಮ್ಮೂರೊಂದು ಅತ್ತಿಂದಿತ್ತ ಸರಿದರೆ ಏನು ಎಂದು ಹೊಸಹಾಳದವರು ನನ್ನ ಹತ್ತಿರ ಬಂದರು. ಬೀಳಗಿಯಿಂದ ತೆಗೆದು ಜಮಖಂಡಿಗೆ ಹಾಕಿರೆಂದು ಸರಕಾರಕ್ಕೊಂದು ಅರ್ಜಿ ಬೇಕು. ಕಚೇರಿಯ ಮನುಷ್ಯ ಇಂಥ ಅರ್ಜಿ ಬರೆಯಬಾರದು, ಗೊತ್ತಾದರೆ ನೌಕರಿ ಹೋಗುತ್ತದೆ. ಆದರೆ ಊರ ಹಿರಿಯರು ನನ್ನ ಅಕ್ಷರ ಹೊಗಳಿದರು, ನಾನು ಕರಗಿದೆ. ಒಂದು ಕರಡು ಮಾಡಿ, ನಂತರ ಒಳ್ಳೆಯ ಕಾಗದದ ಮೇಲೆ ನೆಟ್ಟಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ನನಗೂ ಮೆಚ್ಚುಗೆಯಾಗುವಂತೆ ಬಂದಿತ್ತು. ‘ಮಳೆಗಾಲದಲ್ಲಿ ಸದರಿ ಹಾದಿಯ ಎರೆಮಣ್ಣಿನಲ್ಲಿ ಇಟ್ಟ ಕಾಲನ್ನು ಕೀಳಲು ಇನ್ನೊಬ್ಬರ ಸಹಾಯ ಬೇಕಾಗುವುದರಿಂದ, ಒಬ್ಬರ ಕೆಲಸಕ್ಕೆ ಇಬ್ಬರು ಹೋಗತಕ್ಕದ್ದಾಗಿದೆ’ ಎಂಬ ವಾಕ್ಯವನ್ನು ನಾನೇ ಮೂರು ಸಲ ಓದಿಕೊಂಡೆ.

ಎಂಟು ದಿನದ ಮೇಲೆ ಮಾವನವರು ಬೀಳಗಿಯ ನಮ್ಮ ಮನೆಗೆ ಬಂದರು. ತಾವೇ ಸಾಕಿದ ಟಗರು ಹಾಯ್ದು ಅವರ ಬಲಗಾಲಿನ ಮೊಣಕಾಲು ಮಡಚುತ್ತಿರಲಿಲ್ಲ. ಬಡಿಗೆ ಊರಿಕೊಂಡು ಕಾಲನ್ನು ಎಳೆದು ಹಾಕುತ್ತ ನಡೆಯುತ್ತಿದ್ದರು. ದಾಯಾದಿಯ ಜೊತೆಗೆ ಹೊಲದ ಬದುವಿನದೊಂದು ತಕರಾರು ಬಹಳ ದಿನಗಳಿಂದ ನಡೆದಿತ್ತು, ಅದರ ತಾರೀಖು ಜಮಖಂಡಿಯಲ್ಲಿ. ಬೀಳಗಿಯಲ್ಲಿ ಆಗಿದ್ದರೆ ಮುಂಜಾನೆ ಹೋಗಿ ಮಧ್ಯಾಹ್ನಕ್ಕೆ ಮನೆಯಲ್ಲಿರಬಹುದಾಗಿತ್ತು. ಜಮಖಂಡಿಯೆಂದರೆ ಎರಡು ದಿನ, ಮೂರನೆಯ ದಿನ ಹಾಸಿಗೆ.

“ಅಳ್ಯಾರ, ನಮ್ಮೂರಿಂದೂ ಒಂದ ಅರ್ಜಿ ಬರದ ಕೊಡ್ರಿ. ನಮ್ಮನ್ನ ಜಮಖಂಡಿಂದ ತಗದು ಬೀಳಗಿಗೆ ಹಾಕ್ರಿ ಅಂತ,” ಎಂದರು.

“ಮಾವಾರ, ನಾ ಸರಕಾರಿ ಮನಷ್ಯಾ. ಗೊತ್ತಾದ್ರ ಭಾಳ ತ್ರಾಸ ಆಕ್ಕೈತಿ,” ಎಂದೆ ನಾನು. ಒಳಗೆ ಹೆಂಡತಿ ಲಕ್ಕವ್ವ ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆಗಳ ಸಪ್ಪಳ ನಿಂತಿತು. ಆ ಸಪ್ಪಳ ನಿಂತರೆ ನಮ್ಮ ಮನೆಯಲ್ಲಿ ಏನು ಅರ್ಥವೆಂಬುದು ನನಗೆ ಗೊತ್ತು. ಬರೆದುಕೊಡುತ್ತೇನೆಂದೆ.

ಹೊಸ ಅರ್ಜಿಯನ್ನು ಹೊಸದಾಗಿ ಯೋಚಿಸಬೇಕಾಗಿತ್ತು. ಸೋಮಾರಿತನ ಬಿಡಲಿಲ್ಲ. ಹೊಸಹಾಳದ ಕರಡು ಗೋಡೆಯ ಗೂಡಿನಲ್ಲಿಯೇ ಇತ್ತು. ಅದೇ ಹಾದಿ, ಅದೇ ಎರೆಮಣ್ಣು, ದಿಕ್ಕು ಮಾತ್ರ ಬೇರೆ. ಅದನ್ನೇ ಕೈಯಲ್ಲಿ ಹಿಡಿದು ಹೊಸಹಾಳ ಎಂದಿದ್ದಲ್ಲಿ ಬೀರನಾಳ ಎಂದೂ, ಬೀಳಗಿ ಎಂದಿದ್ದಲ್ಲಿ ಜಮಖಂಡಿ ಎಂದೂ ಬಾಯಲ್ಲಿಯೇ ಬದಲಿಸುತ್ತ ಮಾವನವರಿಗೆ ಓದಿ ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮತ್ತೊಮ್ಮೆ ಓದಿಸಿದರು. ನಾಲ್ಕು ಸಲ ಓದಿಸಿ, ಐದನೆಯ ಸಲ ತಾವೇ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದರು. ಡೊಳ್ಳಿನ ಪದಗಳನ್ನು ತಾಸುಗಟ್ಟಲೆ ಹಾಡುವ ಮನುಷ್ಯನಿಗೆ ಒಂದು ಅರ್ಜಿ ಯಾವ ಲೆಕ್ಕ?

ಮರುದಿನ ಕೂತು ಅದನ್ನು ಒಳ್ಳೆಯ ಕಾಗದಕ್ಕೆ ಇಳಿಸಿದೆ. ಎರಡೂ ಅರ್ಜಿ ಒಂದೇ ಕೈಯವೆಂದು ಯಾರಿಗೂ ತಿಳಿಯಬಾರದೆಂದು ಈ ಸಲ ಅಕ್ಷರಗಳನ್ನೆಲ್ಲ ಹಿಂದಕ್ಕೆ ವಾಲಿಸಿ ಬರೆದೆ. ನೆಟ್ಟಗೆ ಬರೆದು ರೂಢಿಯಾದವನಿಗೆ ವಾಲಿಸಿ ಬರೆಯುವುದು ಬಹಳ ಕಷ್ಟದ ಕೆಲಸ. ನಡುನಡುವೆ ಅಕ್ಷರ ತಾನಾಗಿ ಎದ್ದು ನಿಲ್ಲುತ್ತಿತ್ತು, ಅದನ್ನು ಮತ್ತೆ ಮಲಗಿಸಬೇಕಾಗುತ್ತಿತ್ತು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅಕ್ಷರಗಳು ಎಷ್ಟು ಚಂದ ವಾಲುತ್ತಿದ್ದವೆಂದರೆ ನನ್ನ ಗಮನವೆಲ್ಲ ಅಲ್ಲಿಯೇ ಇತ್ತು. ಕರಡಿನಲ್ಲಿದ್ದ ಕೊನೆಯ ಸಾಲನ್ನು ಇದ್ದದ್ದು ಇದ್ದ ಹಾಗೆಯೇ ಬರೆದುಬಿಟ್ಟೆ. ಓದಿ ನೋಡಲಿಲ್ಲ. ದೂರ ಹಿಡಿದು ಅಕ್ಷರದ ಅಂದ ಮಾತ್ರ ನೋಡಿದೆ.

ಮೂರು ತಿಂಗಳ ಮೇಲೆ ಈ ಭಾಗದ ತಾಲೂಕುಗಳ ಮೇಲಧಿಕಾರಿಯಾದ ಪ್ರಾಂತ ಸಾಹೇಬರು ವಿಚಾರಣೆಗೆ ಬಂದರು. ಅವರ ಕಾಗದಪತ್ರದ ಗಂಟು ಹಿಡಿದುಕೊಂಡು, ಹೇಳಿದ್ದನ್ನು ಬರೆದುಕೊಳ್ಳಲು ಬೀಳಗಿ ಕಚೇರಿಯಿಂದ ಅಕ್ಷರ ಚೆನ್ನಾಗಿರುವ ಒಬ್ಬ ಕಾರಕೂನ ಬೇಕೆಂದರಂತೆ. ನಮ್ಮ ಕಚೇರಿಯ ಮುಖ್ಯಸ್ಥರಾದ ಮಹಾಲಕರಿಯವರು ನನ್ನನ್ನೇ ಕಳಿಸಿದರು. ಮೊದಲ ದಿನ ಹೊಸಹಾಳದಲ್ಲಿ ಎಲ್ಲ ಸರಿಯಾಗಿ ಆಯಿತು. ಎರಡನೆಯ ದಿನ ಬೀರನಾಳದ ಚಾವಡಿ. ಜಮಖಾನೆ ಹಾಸಿದ್ದರು, ಊರಿನವರೆಲ್ಲ ತೊಳೆದ ಧೋತರ ಉಟ್ಟು ಕೂತಿದ್ದರು. ಮಾವನವರು ಮುಂದಿನ ಸಾಲಿನಲ್ಲಿ, ಮಡಚದ ಕಾಲನ್ನು ಚಾಚಿಕೊಂಡು. ನನ್ನನ್ನು ಗುರುತೇ ಇಲ್ಲದವರಂತೆ ನೋಡಿದರು. ಹಾಗೆ ಮಾಡಬೇಕೆಂದು ನಾನೇ ಹೇಳಿ ಕಳಿಸಿದ್ದೆ.

“ಅರ್ಜಿ ಬರದವರು ಯಾರು?” ಎಂದು ಸಾಹೇಬರು ಮೊದಲೇ ಕೇಳಿದರು. “ಕಚೇರಿ ಮಂದಿ ಯಾರರೆ ಇದರಾಗ ಕೈ ಹಾಕಿದ್ದು ಗೊತ್ತಾದ್ರ, ಅವತ್ತ ಮನಿಗೆ ಕಳಸ್ತೀನಿ.”

“ಸಂತ್ಯಾಗ ಕುಂತು ಬರದ ಕೊಡತಾರಲ್ರಿ, ಅಂಥಾವ್ರ ಒಬ್ರು,” ಎಂದರು ಮಾವನವರು.

ಸಾಹೇಬರು ಕನ್ನಡಕ ಏರಿಸಿ ಅರ್ಜಿಯನ್ನು ದೊಡ್ಡದಾಗಿ ಓದತೊಡಗಿದರು. ಮಾವನವರ ತುಟಿ ಅವರ ಜೊತೆಗೇ ಅಲ್ಲಾಡತೊಡಗಿತು. ಎರೆಮಣ್ಣಿನ ವಾಕ್ಯಕ್ಕೆ ಬರುವ ಹೊತ್ತಿಗೆ ತುಟಿಯಿಂದ ದನಿಯೂ ಹೊರಟಿತು. ಸಾಹೇಬರು ನಕ್ಕು, ತಡೆಯದೆ ಓದುತ್ತ ಹೋದರು. ಇಬ್ಬರೂ ಕೂಡಿ ಕೊನೆಯ ಸಾಲಿಗೆ ಬಂದರು. “ಕಾರಣ ದಯಾಳು ಸರಕಾರದವರು” ಎಂಬವರೆಗೆ ಇಬ್ಬರದೂ ಒಂದೇ ಮಾತು. ಅಲ್ಲಿಂದ ಮುಂದೆ ಸಾಹೇಬರು “ಹೊಸಹಾಳ ಗ್ರಾಮವನ್ನು ಬೀಳಗಿಯಿಂದ ತೆಗೆದು ಜಮಖಂಡಿಗೆ ಸೇರಿಸಬೇಕಾಗಿ ವಿನಂತಿ” ಎಂದು ಓದಿದರು. ಮಾವನವರು ಅದೇ ಹೊತ್ತಿಗೆ, ಇನ್ನೂ ದೊಡ್ಡ ದನಿಯಲ್ಲಿ, “ಬೀರನಾಳ ಗ್ರಾಮವನ್ನು ಜಮಖಂಡಿಯಿಂದ ತೆಗೆದು ಬೀಳಗಿಗೆ ಸೇರಿಸಬೇಕಾಗಿ ವಿನಂತಿ” ಎಂದರು.

ನನಗೆ ಆ ಕ್ಷಣದಲ್ಲಿಯೇ ಎಲ್ಲ ತಿಳಿಯಿತು. ಗೂಡಿನಲ್ಲಿದ್ದ ಕರಡು, ವಾಲಿದ ಅಕ್ಷರ, ದೂರ ಹಿಡಿದು ನೋಡಿದ್ದು, ಎಲ್ಲ ಕಣ್ಣ ಮುಂದೆ ಬಂತು.

“ಏನಪಾ ಹಿರ್ಯಾ, ಬಾಯಾಗೊಂದು ಕಾಗದದಾಗೊಂದು. ಯಾವುದು ಖರೆ?” ಎಂದರು ಸಾಹೇಬರು.

ಹಿಂದಿನಿಂದ ಮಲ್ಲಪ್ಪನೆಂಬ ಮುದುಕ, “ಅಲ್ಲೋ ಬೀರಪ್ಪ, ನಾವು ಹೇಳಿದ್ದು…” ಎಂದು ಶುರು ಮಾಡಿದ. “ನೀ ಸುಮ್ಕಿರೋ,” ಎಂದರು ಮಾವನವರು. ನನ್ನನ್ನೊಮ್ಮೆ ನೋಡಿದರು. ನಾನು ಮಸಿಯ ದೌತಿಯೊಳಗೆ ಏನೋ ಬಿದ್ದಂತೆ ಅದರೊಳಗೆ ಇಣುಕುತ್ತಿದ್ದೆ. ಎದ್ದು ನಿಂತು ‘ಸಾಹೇಬರೇ, ಇದು ನನ್ನ ತಪ್ಪು’ ಎಂದು ಹೇಳಲು ನಾಲ್ಕೇ ಮಾತು ಸಾಕಾಗಿತ್ತು. ನಾನು ಹೇಳಲಿಲ್ಲ.

“ಕಾಗದದ್ದ ಖರೇರಿ ಸಾಹೇಬ್ರ,” ಎಂದರು ಮಾವನವರು. “ನನ್ನ ನಾಲಿಗಿ ತಪ್ಪಿತು. ಓದು ಬಲ್ಲವರು ಬರದದ್ದು ತಪ್ಪ ಇರಂಗಿಲ್ಲ.”

“ಮ್ಯಾಲೆಲ್ಲಾ ನಿಮ್ಮೂರಿನ ತ್ರಾಸ ಹೇಳೀರಿ, ಕಡೀಕ ಹೊಸಹಾಳ ಬದಲಿ ಮಾಡ್ರಿ ಅಂತೀರಲ್ಲ?”

ಮಾವನವರು ಸ್ವಲ್ಪ ಯೋಚಿಸಿದರು. “ಅದು ನಮ್ಮ ಬೀಗರ ಊರ್ರಿ. ಈ ಹಾದಿ ತ್ರಾಸ ಏನಂತ ನಮಗ ಗೊತ್ತೈತಿ, ಅದಕ್ಕ ಮ್ಯಾಲೆ ನಮ್ಮ ತ್ರಾಸನೂ ಬರಸೇವಿ. ನಮಗ ನಡದು ನಡದು ರೂಢಿ ಆಗೇತಿ. ಅವರಿಗರೆ ತಪ್ಪಲಿ ಅಂತ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ನೌಕರಿಯಲ್ಲಿ ಇನ್ನೊಂದು ಊರಿನ ಸಲುವಾಗಿ ಅರ್ಜಿ ಕೊಟ್ಟ ಊರನ್ನು ಇದುವರೆಗೂ ನೋಡಿರಲಿಲ್ಲವೆಂದರು. ನಂತರ ನನ್ನ ಕಡೆಗೆ ತಿರುಗಿ, “ಕಾರಕೂನರ, ಇವರು ಹೇಳಿದ್ದ ಜಬಾನಿ ಬರಕೋರಿ,” ಎಂದರು. ಬರೆದುಕೊಂಡೆ. ‘ನನ್ನ ಬಾಯಿಂದ ಬಂದದ್ದು ನಾಲಿಗೆ ತಪ್ಪಿ ಬಂದದ್ದು ಇರುತ್ತದೆ. ಬರೆದದ್ದೇ ಸತ್ಯ ಇರುತ್ತದೆ. ನಮ್ಮ ಊರಿನ ಬದಲಾವಣೆಯ ಬಗ್ಗೆ ನಮ್ಮದೇನೂ ಬೇಡಿಕೆ ಇರುವುದಿಲ್ಲ.’ ಬರೆದು, ಮಾವನವರ ಮುಂದೆ ಕೂತು, ಅವರ ಹೆಬ್ಬೆರಳಿಗೆ ಮಸಿ ಹಚ್ಚಿ, ನನ್ನ ಕೈಯಿಂದಲೇ ಹಿಡಿದು ಕಾಗದದ ಮೇಲೆ ಒತ್ತಿಸಿದೆ. ಮಗಳನ್ನು ಧಾರೆ ಎರೆದುಕೊಟ್ಟ ಕೈ ಅದು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಾಗಿತ್ತು, ಆದರೆ ಬೀರನಾಳದ ಚಾವಡಿಯ ನೆಲ ಬಹಳ ಗಟ್ಟಿ. ಸಾಹೇಬರು ಕಾಗದ ಇಸಿದುಕೊಂಡು ನೋಡಿ, “ಅಕ್ಷರ ಭಾಳ ಚಂದ ಅದಾವ ನಿಮ್ಮವು,” ಎಂದರು.

ಮುಂದಿನ ವರ್ಷ ಹುಕುಂ ಬಂತು. ಹೊಸಹಾಳ ಜಮಖಂಡಿಗೆ ಸೇರಿತು. ಬೀರನಾಳ ಏನೂ ಕೇಳಿರಲಿಲ್ಲವಾದ್ದರಿಂದ ಇದ್ದಲ್ಲಿಯೇ ಇತ್ತು. ನಮ್ಮೂರಿನವರು ನನಗೆ ಒಂದು ಮುಂಡಾಸು ತಂದು ಸುತ್ತಿದರು. ಅದರ ಕೆಳಗೆ ನನ್ನ ತಲೆ ಸುಡುತ್ತಿತ್ತು. ಬೀರನಾಳದಲ್ಲಿ ಅರ್ಜಿಯ ಮಾತು ಎತ್ತಿದವರಿಗೆ ಮಾವನವರು ಏನು ಹೇಳಿದರೋ ನನಗೆ ಗೊತ್ತಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ. ಪಾಪ, ಓದಲು ಬರದ ಮನುಷ್ಯ, ಕಾಗದದ ಮೇಲಿನ ಭಕ್ತಿಯಿಂದ ತಮ್ಮ ನಾಲಿಗೆಯನ್ನೇ ಸುಳ್ಳು ಮಾಡಿಕೊಂಡರು ಎಂದು ನಾನು ನನಗೆ ತಿಳಿಹೇಳಿಕೊಂಡೆ. ಅವರಿಗೆ ಗೊತ್ತಾಗಿಲ್ಲ ಎಂಬುದೊಂದೇ ನನ್ನ ಸಮಾಧಾನ. ಅದು ಎಂಥ ಸಮಾಧಾನವೆಂದು ನೀವು ಕೇಳಬಾರದು.

ಅದೇ ಹೊತ್ತಿಗೆ ನನಗೂ ಜಮಖಂಡಿಗೆ ವರ್ಗವಾಯಿತು, ನೌಕರಿ ಕಾಯಂ ಆಯಿತು. ಮಾವನವರು ತಾರೀಖಿಗೆ ಬಂದಾಗಲೆಲ್ಲ ನಮ್ಮಲ್ಲಿಯೇ ಇಳಿಯುತ್ತಿದ್ದರು. ಬಡಿಗೆಯ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದರೆ ಓಡಿ ಹೋಗಿ ಬಿಸಿನೀರು ಕೊಡುತ್ತಿದ್ದೆ, ಎಣ್ಣೆ ಕಾಯಿಸುತ್ತಿದ್ದೆ, ನನ್ನ ಹೊರಸು ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಿದ್ದೆ. “ನಮ್ಮಪ್ಪನ ಮ್ಯಾಲೆ ಇಷ್ಟ ಮಾಯಾ ಯಾವಾಗ ಬಂತ್ರಿ ನಿಮಗ?” ಎಂದು ಲಕ್ಕವ್ವ ಸಂತೋಷದಿಂದ ಕೇಳುತ್ತಿದ್ದಳು. ಅವಳು ಓಣಿಯ ಹೆಂಗಸರ ಮುಂದೆಲ್ಲ ನನ್ನನ್ನು ಹೊಗಳಿಕೊಂಡು ತಿರುಗುತ್ತಿದ್ದುದು ನನಗೆ ಗೊತ್ತಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಮಾವನವರು ಮತ್ತೆ ಕೇಳಿದರು. “ಅಳ್ಯಾರ, ಇನ್ನೊಮ್ಮಿ ಬರದು ನೋಡೂಣೇನ್ರಿ? ಈ ಸಲ ಸೀದಾ ಮುಂಬಯಿಗೆ.” ನನಗೆ ಅಳು ಬರುವಷ್ಟು ಸಂತೋಷವಾಯಿತು. ಪಾಪ ತೊಳೆದುಕೊಳ್ಳಲು ದಾರಿ ಸಿಕ್ಕಿತು ಎಂದುಕೊಂಡೆ. ಈ ಸಲ ಯಾವ ಕರಡನ್ನೂ ನೋಡದೆ ಹೊಸದಾಗಿ ಬರೆದೆ. ಬರೆದದ್ದನ್ನು ಓದಿದೆ. ಬೀರನಾಳ ಎಂದಿರುವಲ್ಲೆಲ್ಲ ಬೆರಳಿಟ್ಟು ಓದಿದೆ. ಸಂಶಯ ಬಂದು ಹರಿದು ಮತ್ತೆ ಬರೆದೆ. ಒಂದು ಸಲ ಹೆಸರು ಸರಿ ಇದ್ದರೆ ಗಂಭೀರತೆ ಸಾಲದೆನಿಸುತ್ತಿತ್ತು, ಗಂಭೀರತೆ ಬಂದರೆ ಹೆಸರು ಮತ್ತೆ ನೋಡಬೇಕೆನಿಸುತ್ತಿತ್ತು. ಮಳೆಗಾಲ ಬಂತು, ಹೋಯಿತು. ಮಾವನವರು ಎರೆಮಣ್ಣು ತುಳಿದುಕೊಂಡು ಎರಡು ತಾರೀಖಿಗೆ ಬಂದು ಹೋದರು, ಅರ್ಜಿ ಏನಾಯಿತೆಂದು ಕೇಳಲಿಲ್ಲ. ಕೊನೆಗೆ ಒಂದು ತಪ್ಪೂ ಇಲ್ಲದ ಅರ್ಜಿಯನ್ನು ಅಕ್ಟೋಬರದ ಕೊನೆಯ ವಾರದಲ್ಲಿ ಅಂಚೆಗೆ ಹಾಕಿದೆ. ನವೆಂಬರ ಒಂದಕ್ಕೆ ವಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದೆಂದು ಊರ ತುಂಬ ತೋರಣ ಕಟ್ಟುತ್ತಿದ್ದರು. ನಮ್ಮ ಕಚೇರಿಯ ತೋರಣಕ್ಕೆ ಅಕ್ಷರ ಬರೆದವನೂ ನಾನೇ. ಆದರೂ ನನ್ನ ಅರ್ಜಿಗೂ ಈ ತೋರಣಕ್ಕೂ ಏನಾದರೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಚಳಿಗಾಲದಲ್ಲಿ ಮುಂಬಯಿಯಿಂದ ಲಕೋಟೆ ಬಂತು. ಮಾವನವರು ತಾರೀಖು ಮುಗಿಸಿಕೊಂಡು ಬಂದು ಊಟಕ್ಕೆ ಕೂತಿದ್ದರು, ಲಕ್ಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಡೆದು ಓದಿದೆ. ಸದರಿ ಗ್ರಾಮವು ಈಗ ನಮ್ಮ ರಾಜ್ಯದಲ್ಲಿ ಇಲ್ಲದ್ದರಿಂದ ಈ ಅರ್ಜಿಯ ವಿಚಾರ ಮಾಡಲು ಬರುವುದಿಲ್ಲ ಎಂದಿತ್ತು. ಅರ್ಜಿಯನ್ನೂ ಅದರೊಳಗೇ ಇಟ್ಟು ತಿರುಗಿ ಕಳಿಸಿದ್ದರು. ಮಾವನವರಿಗೆ ಬಿಡಿಸಿ ಹೇಳಿದೆ. ಅವರು ಬಾಯೊಳಗಿನ ತುತ್ತು ನುಂಗಿದರು.

“ಹ್ವಾದ ಸಲ ನಿಮ್ಮ ನೌಕರಿ ಹೋಗಬಾರ್ದಂತ ನಾ ಸುಮ್ಮನಾದ್ನಿ,” ಎಂದರು. “ಈ ಸಲ ಮುಂಬಯಿನ ಹೋತು. ಇದಕ್ಕ ನನಗೇನ ಮಾಡಾಕ ಬರತೈತಿ, ಅಳ್ಯಾರ?”

ರೊಟ್ಟಿಯ ಬಡಿತ ನಿಂತಿತು. “ಹ್ವಾದ ಸಲ ಏನಾಗಿತ್ತು?” ಎಂದಳು ಲಕ್ಕವ್ವ. ಅಪ್ಪನನ್ನು ಕೇಳಿದಳು, ಆದರೆ ನೋಡಿದ್ದು ನನ್ನನ್ನು. “ಏನಿಲ್ಲ ಬಿಡವಾ, ಹಳೀ ಮಾತು,” ಎಂದರು ಅವರು. ಆಗಲೂ ಅವರೇ ಮುಚ್ಚಲು ನೋಡಿದರು. ನಾನೇ ಹೇಳಿದೆ. ಗೂಡಿನ ಕರಡಿನಿಂದ ಹಿಡಿದು ಹೆಬ್ಬೆಟ್ಟಿನವರೆಗೆ, ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಒಂದು ರೊಟ್ಟಿ ಸೀದು ಹೋಗುವುದರೊಳಗೆ ಹೇಳಿ ಮುಗಿಸಿದೆ. ಲಕ್ಕವ್ವ ಸೀದ ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು.

ಊಟವಾದ ಮೇಲೆ ಅವಳು ಕೈ ತೊಳೆದುಕೊಂಡು, ನನ್ನ ಒಳ್ಳೆಯ ಕಾಗದದಲ್ಲಿ ಒಂದು ಹಾಳೆ ತೆಗೆದುಕೊಂಡು, ಅಪ್ಪನ ಮುಂದೆ ಕೂತಳು. ಮೂರನೆಯ ಇಯತ್ತೆಯವರೆಗೆ ಓದಿದವಳು. ಅವಳ ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. “ನೀ ಹೇಳಪಾ. ಮೈಸೂರಿಗೆ ನಾ ಬರೀತೀನಿ,” ಎಂದಳು. ಮಾವನವರು ಕಣ್ಣು ಮುಚ್ಚಿಕೊಂಡು ಹಳೆಯ ಅರ್ಜಿಯನ್ನೇ ಮೊದಲಿನಿಂದ ಹೇಳತೊಡಗಿದರು. ಒಂದಕ್ಷರ ಮರೆತಿರಲಿಲ್ಲ. ಕೊನೆಯ ಸಾಲು ಬಂದಾಗ ಅವಳು ಬರೆದು, ಎರಡು ಸಲ ಓದಿ ಹೇಳಿದಳು.

ನನಗೂ ಏನಾದರೂ ಮಾಡಬೇಕೆನಿಸಿತು. ಎದ್ದು ಮಸಿಯ ಡಬ್ಬಿ ತಂದು, ಮುಚ್ಚಳ ತೆಗೆದು, ಮಾವನವರ ಮುಂದೆ ಮೊಣಕಾಲೂರಿ ಕೂತು ಕೈ ಚಾಚಿದೆ. ಅವರು ನನ್ನ ಮುಖ ನೋಡಿ ಸ್ವಲ್ಪ ನಕ್ಕರು. ನಕ್ಕು, ಹೆಬ್ಬೆರಳನ್ನು ಮಗಳ ಕಡೆಗೆ ಹಿಡಿದರು.